ಕಾವಜ್ಜಿಯ ಕೈಗುಣ

"ಸೊಸೆ ಇದಾಳಾ ಒಳಗೆ?"

ಪಕ್ಕದ ಮನೆಯ ಟೀಚರಮ್ಮ ಹಿತ್ತಲ ಬಾಗಿಲಲ್ಲಿ ನಿಂತು ಹೀಗೆ ಕೇಳಿದಾಗ ಕೋಳಿಗಳಿಗೆ ನುಚ್ಚು ಎರಚುತ್ತಿದ್ದ ಕಾವಜ್ಜಿಯ ಕೈ ಅಲ್ಲೇ ನಿಂತಿತು. ಟೀಚರಮ್ಮನ ಕಂಕುಳಲ್ಲಿ ಕಾವಿಗೆ ಬಂದ ಕೆಂಪು ಹೇಟೆಯಿತ್ತು, ಇನ್ನೊಂದು ಕೈಯ ಬುಟ್ಟಿಯಲ್ಲಿ ಹೊಟ್ಟಿನ ಮೇಲೆ ಜೋಡಿಸಿದ ಮೊಟ್ಟೆಗಳಿದ್ದವು. ಕೋಳಿ, ಮೊಟ್ಟೆ ಎರಡನ್ನೂ ಹಿಡಿದು ಬಂದವರು ತನ್ನೆದುರೇ ನಿಂತು ಸೊಸೆಯನ್ನು ಕೇಳುವುದೆಂದರೇನು?

"ಇದಾಳೆ. ಕನ್ನಡಿ ಮುಂದೆ ಇರ್ತಾಳೆ, ಕರೀರಿ" ಎಂದು ಕಾವಜ್ಜಿ ಮುಖ ತಿರುಗಿಸಿದಳು.

ಆ ಬೀದಿಯಲ್ಲಿ ಯಾರ ಮನೆಯ ಹೇಟೆ ಕಾವಿಗೆ ಬಂದರೂ ಅದರಡಿ ಮೊಟ್ಟೆ ಇಡಲು ಅವಳ ಕೈಯೇ ಬೇಕಿತ್ತು. ಹೆತ್ತವರು ಇಟ್ಟ ಹೆಸರು ಅವಳಿಗೇ ಮರೆತುಹೋಗುವಷ್ಟು ಕಾಲದಿಂದ ಅವಳು ಕಾವಜ್ಜಿ. "ನನ್ನ ಕೈ ಮುಟ್ಟಿದ್ರೆ ಕಲ್ಲೂ ಒಡೆದು ಮರಿಯಾಗತ್ತೆ" ಎನ್ನುತ್ತಿದ್ದಳು. ಜನವೂ ಹೂಂಗುಟ್ಟುತ್ತಿದ್ದರು. ಒಡೆದ ಮೊಟ್ಟೆಯೆಲ್ಲ ಅವಳ ಕೈಗುಣ, ಒಡೆಯದ್ದು ಗುಡುಗಿನ ತಪ್ಪು ಅಥವಾ ಆ ಮನೆಯವರ ಹಣೆಬರಹ. ವ್ಯವಹಾರ ಹೀಗೆ ಸುಖವಾಗಿ ನಡೆದುಕೊಂಡು ಬಂದಿತ್ತು.

ಅಷ್ಟರಲ್ಲಿ ಮಗನನ್ನು ಮದುವೆಯಾಗಿ ಈ ಸೊಸೆ ಮನೆಗೆ ಬಂದಳು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸದವಳು. ಅಂಗಡಿಯ ಪುಟ್ಟ ಟಾರ್ಚೊಂದನ್ನು ಮನೆಗೆ ತಂದು, ಕತ್ತಲೆ ಕೋಣೆಯಲ್ಲಿ ಮೊಟ್ಟೆಯ ದಪ್ಪ ತುದಿಗೆ ಹಿಡಿದು, "ಇದರಲ್ಲಿ ಕೆಂಪು ನರ ಕಟ್ಟಿದೆ, ಮರಿ ಇದೆ. ಇದು ಬರಿದು, ತೆಗೆದುಬಿಡಿ" ಎಂದು ಆರಿಸಿ ಕೊಡತೊಡಗಿದಳು. ಮೊದಮೊದಲು ಜನ ತಮಾಷೆಗೆ ಬಂದರು. ಆಮೇಲೆ ಮೊಟ್ಟೆ ಇಡುವುದನ್ನೂ ಅವಳಿಗೇ ವಹಿಸಿದರು. ಬೀದಿಯ ಕೊನೆಯ ಹಾಲಿನವಳಂತೂ ನಗುತ್ತಾ, "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಕಣಜ್ಜಿ" ಎಂದು ಆಡಿಯೇಬಿಟ್ಟಳು. ಅವತ್ತಿನಿಂದ ಕಾವಜ್ಜಿಗೆ ಉಂಡದ್ದು ಮೈಗೆ ಹತ್ತಲಿಲ್ಲ. ಸೊಸೆ ನಕ್ಕರೂ ಹೊಟ್ಟೆ ಉರಿಯುತ್ತಿತ್ತು, ನಗದಿದ್ದರೂ ಉರಿಯುತ್ತಿತ್ತು.

ಟೀಚರಮ್ಮನ ಮೊಟ್ಟೆಗಳು ಸೊಸೆಯ ಕೈಯಿಂದ ಮನೆಯ ಕೊಟ್ಟಿಗೆಯಲ್ಲಿ ಕೆಂಪು ಹೇಟೆಯ ಅಡಿ ಸೇರಿದ ದಿನವೇ ಕಾವಜ್ಜಿ ಹಾಲಿನವಳ ಮನೆಗೆ ಹೋಗಿ, ಇದ್ದ ಮೊಟ್ಟೆಗಳಲ್ಲಿ ದಪ್ಪದಪ್ಪನೆಯವನ್ನೇ ಆರಿಸಿ ತಂದಳು. ಒಂದೊಂದಕ್ಕೂ ಇದ್ದಿಲಿನ ಗೆರೆ ಎಳೆದು ತನ್ನ ಕರಿ ಹೇಟೆಯ ಅಡಿ ಇಟ್ಟಳು. ಒಂದೇ ಕೊಟ್ಟಿಗೆ, ಎರಡು ಬುಟ್ಟಿ. ಯಾರ ಕೈಗುಣ ಯಾವ ಮಟ್ಟದ್ದು, ಬೀದಿಯೇ ನೋಡಲಿ.

ವಾರ ಕಳೆದ ಮೇಲೆ ಸೊಸೆ ಟಾರ್ಚ್ ಹಿಡಿದು ಬಂದಳು. "ಅತ್ತೆ, ನಿಮ್ಮದನ್ನೂ ಒಂದ್ಸಲ ನೋಡಿಬಿಡ್ಲಾ?"

"ಬೇಡ ತಾಯಿ. ಬಸುರಿ ಹೊಟ್ಟೆಗೆ ದೀಪ ಹಿಡಿಯೋ ಬುದ್ಧಿ ನನಗಿನ್ನೂ ಬಂದಿಲ್ಲ."

ಸೊಸೆ ಟೀಚರಮ್ಮನ ಮೊಟ್ಟೆಗಳನ್ನಷ್ಟೇ ನೋಡಿ, ಎಲ್ಲದರಲ್ಲೂ ಮರಿ ಇದೆಯೆಂದು ಗೋಡೆಯಾಚೆಗೆ ಕೂಗಿ ಹೇಳಿದಳು.

ಮೂರು ವಾರ ತುಂಬಿದಾಗ ಕೆಂಪು ಹೇಟೆಯ ಬುಟ್ಟಿಯಿಂದ ಚಿಂವ್ ಚಿಂವ್ ಕೇಳಿಸಿತು. ಕರಿ ಹೇಟೆಯ ಬುಟ್ಟಿಯಲ್ಲಿ ಸದ್ದಿಲ್ಲ. "ನನ್ನದು ನಿಧಾನದ ಜಾತಿ. ನಾಳೆ ಒಡೆಯತ್ತೆ" ಎಂದು ಕಾವಜ್ಜಿ ಕೇಳಿದವರಿಗೂ ಕೇಳದವರಿಗೂ ಹೇಳಿದಳು. ಮಧ್ಯಾಹ್ನ ಹಾಲಿನವಳು ಬಂದಾಗ ಮಾತಿನ ನಡುವೆ ಕಾವಜ್ಜಿ, "ನಿಮ್ಮ ಹುಂಜ ಚೆನ್ನಾಗಿದೆ ತಾನೇ?" ಎಂದಳು.

"ಯಾವ ಹುಂಜ? ಅದನ್ನ ಮಳೆಗಾಲಕ್ಕೆ ಮುಂಚೇನೇ ಕುಯ್ದು ತಿಂದ್ವಲ್ಲಜ್ಜಿ."

ಹುಂಜವಿಲ್ಲದ ಮನೆಯ ಮೊಟ್ಟೆ ವರ್ಷವಿಡೀ ಕಾವು ಕೊಟ್ಟರೂ ಕೊಳೆಯುತ್ತದೆಯೇ ಹೊರತು ಒಡೆಯುವುದಿಲ್ಲ. ಕೋಳಿ ಸಾಕುವ ಮಗುವಿಗೂ ಗೊತ್ತಿರುವ ಸಂಗತಿ. ಸೊಸೆಯನ್ನು ಗೆಲ್ಲುವ ಅವಸರದಲ್ಲಿ ಕಾವಜ್ಜಿ ಮೊಟ್ಟೆಯ ಗಾತ್ರ ನೋಡಿದ್ದಳು, ಹುಂಜ ಇದೆಯೇ ಎಂದು ಕೇಳಿರಲಿಲ್ಲ. ಈಗ ಯಾರೊಡನೆ ಹೇಳಿಕೊಳ್ಳುವುದು? ಸಂಜೆ ತಲೆನೋವೆಂದು ಬೇಗ ಮಲಗಿಬಿಟ್ಟಳು.

ಬೆಳಿಗ್ಗೆ ಕೊಟ್ಟಿಗೆಗೆ ಹೋದರೆ ಕರಿ ಹೇಟೆಯ ರೆಕ್ಕೆಯ ಸಂದಿಯಿಂದ ಹಳದಿ ತಲೆಯೊಂದು ಇಣುಕುತ್ತಿತ್ತು. ಆ ಪಕ್ಕದಲ್ಲಿ ಇನ್ನೊಂದು. ಎದೆಯಡಿಯಲ್ಲಿ ಇನ್ನೆರಡು. ಕಾವಜ್ಜಿಗೆ ಕಣ್ಣಲ್ಲಿ ನೀರೇ ಬಂತು. ಹುಂಜವಿಲ್ಲದೆಯೂ ಒಡೆಯಿತೆಂದರೆ ಅದಕ್ಕಿಂತ ದೊಡ್ಡ ಕೈಗುಣ ಯಾರಿಗಿದೆ? ಓಡಿಹೋಗಿ ಗೋಡೆಯ ಮೇಲಿಂದ ಟೀಚರಮ್ಮನಿಗೂ ಹೇಳಿ ಬಂದಳು. ಆಮೇಲೆ ಚಿಪ್ಪು ತೆಗೆದು ಬುಟ್ಟಿ ಚೊಕ್ಕಟ ಮಾಡೋಣವೆಂದು ಹೇಟೆಯ ಅಡಿಗೆ ಕೈ ಹಾಕಿದಳು.

ಒಂದು ಚೂರು ಚಿಪ್ಪೂ ಸಿಗಲಿಲ್ಲ. ಇದ್ದಿಲಿನ ಗೆರೆಯ ಮೊಟ್ಟೆಗಳೆಲ್ಲ ಇಟ್ಟಲ್ಲೇ ಇದ್ದವು, ಇಡಿಇಡಿಯಾಗಿ. ಪಕ್ಕದ ಬುಟ್ಟಿಯಲ್ಲಿ ಕೆಂಪು ಹೇಟೆಯ ಸಂಸಾರ ನಿನ್ನೆಗಿಂತ ಚಿಕ್ಕದಾಗಿತ್ತು. ನಿನ್ನೆ ಕತ್ತಲಾಗುವ ಹೊತ್ತಿಗೆ ಸೊಸೆ ಕೊಟ್ಟಿಗೆ ಬಾಗಿಲು ಹಾಕಲು ಹೋದವಳು ಬರುವುದು ತಡವಾಗಿದ್ದು ಯಾಕೆಂದು ಕಾವಜ್ಜಿಗೆ ಈಗ ತಿಳಿಯಿತು. ಮಬ್ಬಿನಲ್ಲಿ ರೆಕ್ಕೆಯಡಿ ತಳ್ಳಿದರೆ ಕಾವಿನ ಕೋಳಿ ಯಾರ ಮರಿಯನ್ನಾದರೂ ತನ್ನದೆಂದುಕೊಳ್ಳುತ್ತದೆ. ಆ ಉಪಾಯವನ್ನು ಸೊಸೆಗೆ ಹೇಳಿಕೊಟ್ಟವಳೂ ಕಾವಜ್ಜಿಯೇ.

ಸೊಸೆ ಡಬ್ಬಿಗೆ ಊಟ ತುಂಬುತ್ತಾ, ತಲೆ ಎತ್ತದೆ, "ಮರಿ ಬಂದ್ವಂತೆ. ನಿಮ್ಮ ಕೈಗುಣ ಅತ್ತೆ" ಎಂದಳು.

ಕಾವಜ್ಜಿ ನುಚ್ಚು ತೆಗೆದುಕೊಂಡು ಹಿತ್ತಲಿಗೆ ನಡೆದಳು.

ಸಂಜೆ ಟೀಚರಮ್ಮ ತನ್ನ ಹೇಟೆಯನ್ನೂ ಮರಿಗಳನ್ನೂ ಒಯ್ಯಲು ಬಂದಳು. ಬುಟ್ಟಿಗೆ ಬಗ್ಗಿ ನೋಡಿ, "ಇಷ್ಟೇನಾ?" ಎಂದಳು.

"ಇಷ್ಟೇ ಒಡೆದದ್ದು ಟೀಚರಮ್ಮ. ಉಳಿದವು ಯಾಕೋ ಆಗ್ಲಿಲ್ಲ" ಎಂದಳು ಸೊಸೆ.

"ಅಲ್ಲಮ್ಮ, ಎಲ್ಲದರಲ್ಲೂ ಮರಿ ಇದೆ ಅಂತ ನೀನೇ ಹೇಳಿದ್ದೆ. ಟಾರ್ಚು ಗೀರ್ಚು ಅಂತ ನಂಬಿ ಕೆಟ್ಟೆ ನೋಡು. ಕಾವಜ್ಜಿ ಕೈಲೇ ಕೊಡಬೇಕಿತ್ತು."

ಎಷ್ಟೋ ತಿಂಗಳಿಂದ ಕಾವಜ್ಜಿ ಕಾದಿದ್ದ ಮಾತು ಇದೇ. ಅದೂ ಸೊಸೆಯ ಎದುರಿಗೇ. ಹಾಲು ಕುಡಿದಷ್ಟು ಸಂತೋಷವಾಗಬೇಕಿತ್ತು. ಆದರೆ ಸೊಸೆ ತಲೆ ತಗ್ಗಿಸಿ, ತುಟಿಯಂಚಿನಲ್ಲಿ ಸಣ್ಣಗೆ ನಗುತ್ತಾ ಬೈಸಿಕೊಳ್ಳುತ್ತಿದ್ದಳು. ಆ ನಗುವನ್ನು ಕಂಡದ್ದೇ ಕಾವಜ್ಜಿಯ ಮೈಯೆಲ್ಲ ಉರಿದುಹೋಯಿತು. ಕೈಗುಣವೂ ಇವಳದ್ದು, ಈಗ ದೊಡ್ಡ ಗುಣವೂ ಇವಳದ್ದೇ. ಇನ್ನು ತನಗೆ ಉಳಿದದ್ದೇನು, ಇವಳು ಹಾಕಿದ ಭಿಕ್ಷೆಯೇ?

ಅವಳು ನೇರ ಕರಿ ಹೇಟೆಯ ಬುಟ್ಟಿಗೆ ಕೈ ಹಾಕಿದಳು. ಹೇಟೆ ಗರಿ ಕೆದರಿ ಮುಂಗೈ ಕುಕ್ಕಿತು, ಬಿಡದೆ ಮತ್ತೆ ಕುಕ್ಕಿತು. ರಕ್ತ ಬಂದರೂ ಬಿಡದೆ ನಾಲ್ಕೂ ಮರಿಗಳನ್ನು ಎಳೆದು ಟೀಚರಮ್ಮನ ಬುಟ್ಟಿಗೆ ಹಾಕಿದಳು.

"ಇವೂ ನಿಮ್ಮವೇ. ನನ್ನ ಮೊಟ್ಟೆ ಒಂದೂ ಒಡೀಲಿಲ್ಲ. ಒಡೆದದ್ದೆಲ್ಲ ಇವಳ ಕೈಲಿ. ನನ್ನ ಮಾನ ಕಾಪಾಡೋಕೆ ಅಂತ ನಿಮ್ಮ ಮರಿ ತಂದು ನನ್ನ ಕೋಳಿ ಅಡಿ ಇಟ್ಟಿದಾಳೆ. ನಾನು ಕೇಳಿರಲಿಲ್ಲ."

ಸೊಸೆಯ ಮುಖ ಕೆಂಪಗಾಯಿತು. ಟೀಚರಮ್ಮ ಇಬ್ಬರನ್ನೂ ನೋಡಿ, ಮೆಲ್ಲಗೆ, "ಹೋಗ್ಲಿ ಬಿಡಿ. ಇವು ಇಲ್ಲೇ ಇರಲಿ, ಕರಿಯದು ಒಪ್ಪಿಕೊಂಡಿದೆಯಲ್ಲ" ಎಂದಳು.

"ಬೇಡ. ತಗೊಂಡು ಹೋಗಿ."

ಟೀಚರಮ್ಮ ಹೋದಳು. ಕಾವಜ್ಜಿಗೆ ಎಷ್ಟೋ ದಿನದ ಮೇಲೆ ಉಸಿರು ಸರಾಗವಾಗಿ ಆಡಿತು. ಸೊಸೆ ಬಯ್ಯಲಿ, ಅಳಲಿ, ಮಗನಿಗೆ ಚಾಡಿ ಹೇಳಲಿ. ಎಲ್ಲದಕ್ಕೂ ಕಾವಜ್ಜಿಯ ಬಳಿ ಉತ್ತರವಿತ್ತು.

ಸೊಸೆ ಕರಿ ಹೇಟೆಯ ಕಡೆ ನೋಡುತ್ತಿದ್ದಳು. "ನನ್ನ ಮೇಲೆ ಸಿಟ್ಟಿದ್ರೆ ನನ್ನನ್ನೇ ಬಯ್ಯಬಹುದಿತ್ತಲ್ಲ ಅತ್ತೆ" ಎಂದಳು. "ಪಾಪ, ಅದೇನು ಮಾಡಿತ್ತು?" ಎಂದು ಒಳಗೆ ಹೋದಳು.

ಕರಿ ಹೇಟೆ ಬುಟ್ಟಿಯಿಂದ ಇಳಿದು ಹಿತ್ತಲಿಗೆ ಬಂದಿತ್ತು. ಕಾವಜ್ಜಿ ಹಿಡಿಯಲು ಹೋದರೆ ತಪ್ಪಿಸಿಕೊಂಡು ಟೀಚರಮ್ಮನ ಗೋಡೆಯ ಬುಡಕ್ಕೆ ಓಡಿತು. ಅಲ್ಲಿ ಮಣ್ಣು ಕೆದರಿತು. ಒಂದು ಹುಳು ಸಿಕ್ಕಿತು. ಅದನ್ನು ಕೊಕ್ಕಿನಲ್ಲಿ ಎತ್ತಿ, ತಿನ್ನದೆ ಕೆಳಗಿಟ್ಟು, ಕೊಕ್ ಕೊಕ್ ಎಂದು ಕರೆಯಿತು. ಗೋಡೆಯ ಆಚೆಯಿಂದ ಚಿಂವ್ ಎಂದು ಕೇಳಿಸಿತು. ಹೇಟೆ ಗೋಡೆಯುದ್ದಕ್ಕೂ ಆ ತುದಿಗೆ ಹೋಗಿ, ಈ ತುದಿಗೆ ಬಂದು, ಹುಳುವನ್ನು ಮತ್ತೆ ಎತ್ತಿ ಕೆಳಗಿಟ್ಟು, ಕರೆಯಿತು.