ಸಾಬೂನಿನ ಮೇಲೆ ನಿಂತ ಕ್ಯಾಮೆರಾ

ನನ್ನ ಮಗಳು ಶಂಕ್ರೆವ್ವನ ಕೈಗಳು ನಡುಗುತ್ತವೆ. ಸಣ್ಣವಳಿದ್ದಾಗ ಒಂದು ಜ್ವರ ಬಂದಿತ್ತು. ಜ್ವರ ಇಳಿಯಿತು, ನಡುಕ ಉಳಿಯಿತು. ತಂಬಿಗೆ ತುಂಬ ನೀರು ಕೊಟ್ಟರೆ ಅರ್ಧ ನೆಲಕ್ಕೇ ಹೋಗುತ್ತಿತ್ತು. ಅದಕ್ಕೇ ಅವಳು ಕುಡಿಯುವಾಗ ತಂಬಿಗೆಯ ತಳಕ್ಕೆ ನನ್ನ ಕೈ ತಾನಾಗಿ ಹೋಗುತ್ತಿತ್ತು. ಅವಳಿಗೆ ಹದಿನೇಳು ತುಂಬಿದರೂ ಆ ರೂಢಿ ಬಿಟ್ಟಿರಲಿಲ್ಲ.

ನನ್ನ ತಮ್ಮ ಗುರಲಿಂಗಪ್ಪ ವಿಜಾಪುರದ ಸಿದ್ಧೇಶ್ವರ ಗುಡಿಯ ಹತ್ತಿರ ಫೋಟೋ ಸ್ಟುಡಿಯೋ ಇಟ್ಟಿದ್ದ. ಶಂಕ್ರಿ ಅವನ ಮನೆಯಲ್ಲಿದ್ದು ಹೈಸ್ಕೂಲು ಓದಿದಳು. ಸಂಜೆ ಅವನ ಕತ್ತಲೆ ಕೋಣೆಯಲ್ಲಿ ಫೋಟೋ ತೊಳೆಯುವ ತಟ್ಟೆ ಅಲ್ಲಾಡಿಸುವುದು ಅವಳ ಕೆಲಸ. "ಇಕಿಗೆ ಅಲ್ಲಾಡಿಸು ಅಂತ ಹೇಳೂದ ಬ್ಯಾಡ," ಎಂದು ತಮ್ಮ ನಗೆಯಾಡುತ್ತಿದ್ದ. ಆದರೆ ಕ್ಯಾಮೆರಾ ಮಾತ್ರ ಮುಟ್ಟಗೊಡುತ್ತಿರಲಿಲ್ಲ.

ಅರವತ್ನಾಲ್ಕರ ಚಳಿಗಾಲದಲ್ಲಿ ಅವನು ಘೋಣಸಗಿಯ ನಮ್ಮ ಹೊಲಕ್ಕೆ ಸೀತನಿ ತಿನ್ನಲು ಬಂದ. ಎಳೆಯ ಜೋಳದ ತೆನೆ ಸುಟ್ಟು, ಬಡಿದು, ಬಿಸಿಬಿಸಿ ಕಾಳು ಅವನ ಮುಂದೆ ಸುರಿದೆ. ಅವನು ಬಾಯಿ ತುಂಬಿಕೊಂಡಿದ್ದಾಗಲೇ, ಹೈಸ್ಕೂಲು ಮುಗಿಸಿ ಊರಿಗೆ ಮರಳಿದ್ದ ಶಂಕ್ರಿ ಕೇಳಿದಳು.

"ಮಾಮಾ, ನನ್ನ ಅಂಗಡ್ಯಾಗ ಇಟ್ಕೊಳ್ರಿ. ತಟ್ಟಿ ಅಲ್ಲಾಡಸಾಕ ಅಲ್ಲ, ಫೋಟೋ ತಗಿಯಾಕ."

"ಹುಚ್ಚಿ, ನಿನ್ನ ಕೈಯಾಗ ಕ್ಯಾಮೆರಾ ಕೊಟ್ರ ಒಬ್ಬ ಮದುಮಗ ಇಬ್ಬರಾಗ್ತಾನ. ಹೆಣ್ಣಿನ ಕಡ್ಯಾವ್ರು ನನ್ನ ಬಡಿತಾರ!"

ಎಲ್ಲರೂ ನಕ್ಕರು. ಶಂಕ್ರಿಯೂ ನಕ್ಕಳು. ನಕ್ಕು ಮುಗಿಸಿ, "ಅಲುಗದಂಗ ತಗದ ತೋರಿಸಿದ್ರ?" ಎಂದಳು.

ಅವನು ಸುತ್ತ ನೋಡಿದ. ಜೋಳದ ಎಲೆಯ ಮೇಲೆ ಒಂದು ಮಿಡತೆ ಕೂತಿತ್ತು. "ಆ ಮಿಡಚಿ ಕಣ್ಣ ನಿಚ್ಚಳ ಕಾಣೂ ಹಂಗ ಒಂದ ಫೋಟೋ ತಗದ ತಾ. ಜ್ವಾಳಾ ಕೀಳೂದ್ರೊಳಗ ತಂದ್ರ ಅಂಗಡಿ ಕೆಲಸ ನಿಂದು. ಇಲ್ಲಾಂದ್ರ ಮತ್ತ ಈ ಮಾತ ಎತ್ತಬಾರದು."

ಆಗದ ಕೆಲಸವೆಂದೇ ಅವನು ಹಾಗೆ ಹೇಳಿದ್ದು. ಆದರೂ ತನ್ನ ಹಳೆಯ ಎರಡು ಕಣ್ಣಿನ ಕ್ಯಾಮೆರಾ ಬಿಟ್ಟು ಹೋದ. ಅದರ ಮೇಲಿನ ಕಣ್ಣು ನೋಡುವುದಕ್ಕೆ, ಕೆಳಗಿನದು ಫೋಟೋ ತೆಗೆಯುವುದಕ್ಕೆ. ಹತ್ತಿರದ್ದು ಕಾಣಲೆಂದು ಎರಡಕ್ಕೂ ಒಂದೊಂದು ಗಾಜು ಸಿಗಿಸಬೇಕು, ನಮ್ಮ ಚಾಳೀಸಿನ ಹಾಗೆ. ತಾನು ಒಮ್ಮೆಯೂ ಬಳಸದ ಆ ಗಾಜುಗಳನ್ನೂ ಕೊಟ್ಟ. ಮೂರು ಕಾಲಿನ ಸ್ಟ್ಯಾಂಡು ಮಾತ್ರ ಅಂಗಡಿಗೆ ಬೇಕೆಂದು ಕೊಡಲಿಲ್ಲ.

ಶಂಕ್ರಿ ಮೊದಲು ಕ್ಯಾಮೆರಾ ಮುಟ್ಟಲೇ ಇಲ್ಲ. ಬೆಳಿಗ್ಗೆ ನಾನು ಎಮ್ಮೆ ಹಿಂಡಿ ಬರುವಷ್ಟರಲ್ಲಿ ಹೊಲಕ್ಕೆ ಹೋಗಿ ಮಿಡತೆಗಳನ್ನು ನೋಡುತ್ತ ಕೂತಿರುತ್ತಿದ್ದಳು. ಇಬ್ಬನಿಯಲ್ಲಿ ನೆನೆದ ಮಿಡತೆ ಬಿಸಿಲು ಬೀಳುವತನಕ ಜಿಗಿಯುವುದಿಲ್ಲ ಎಂದು ಬಂದು ಹೇಳಿದಳು. ಆಮೇಲೆ ಜೋಳದ ಚೀಲ, ಅದರ ಮೇಲೆ ಮಣೆ, ಮಣೆಯ ಮೇಲೆ ಕ್ಯಾಮೆರಾ ಇಟ್ಟಳು. ಚೀಲವನ್ನು ಗುದ್ದಿ ಗುದ್ದಿ ಕೂರಿಸಿದ ಮೇಲೆ ಮಣೆ ಕಲ್ಲಿನಂತೆ ನಿಂತಿತು. ಆದರೆ ಗುಂಡಿ ಒತ್ತಲು ಬೆರಳಿಟ್ಟರೆ ಸಾಕು, ಅವಳ ನಡುಕವೆಲ್ಲ ಕ್ಯಾಮೆರಾಕ್ಕೆ ಇಳಿಯುತ್ತಿತ್ತು. ಅದಕ್ಕೂ ಅವಳೇ ದಾರಿ ಹುಡುಕಿದಳು. ತೆಗೆಯುವವನೂ ಫೋಟೋದಲ್ಲಿ ಬರಲೆಂದು ಆ ಕ್ಯಾಮೆರಾಕ್ಕೆ ಒಂದು ಪುಟ್ಟ ಕಡ್ಡಿ ಇತ್ತು. ಅದನ್ನು ಎಳೆದು ಬಿಟ್ಟರೆ ಸರ್‍ರೆಂದು ಸದ್ದು ಮಾಡುತ್ತ, ತುಸು ಹೊತ್ತು ಕಾದು, ಕ್ಯಾಮೆರಾ ತಾನೇ ಫೋಟೋ ತೆಗೆಯುತ್ತದೆ.

ಮಿಡತೆಯ ಕಣ್ಣೂ ಕಾಲೂ ಎರಡೂ ನಿಚ್ಚಳ ಬರಬೇಕೆಂದರೆ ಬೆಳಕು ಹೋಗುವ ಕಿಂಡಿಯನ್ನು ಸಣ್ಣದು ಮಾಡಬೇಕಂತೆ. ಆಗ ಕ್ಯಾಮೆರಾ ಹೆಚ್ಚು ಹೊತ್ತು ಕಣ್ಣು ತೆರೆದಿರಬೇಕು, ಅಷ್ಟು ಹೊತ್ತು ಎಲೆ ಅಲುಗಬಾರದು. ನಾನು ಗಾಳಿಗೆ ಅಡ್ಡವಾಗಿ ಕೌದಿ ಹಿಡಿದು ನಿಲ್ಲುತ್ತಿದ್ದೆ.

"ಉಸರ ಬಿಡಬ್ಯಾಡ ಬೇ."

"ಉಸರ ಬಿಡ್ಲಿಲ್ಲಂದ್ರ ನಿನಗ ರೊಟ್ಟಿ ಬಡಿಯಾವ್ರ ಯಾರ?"

ಕ್ಯಾಮೆರಾದೊಳಗಿನ ರೋಲು ಮುಗಿದಾಗ ಟಿಕೋಟಾಕ್ಕೆ ನಡೆದು, ಬಸ್ಸು ಹತ್ತಿ ಇಬ್ಬರೂ ವಿಜಾಪುರಕ್ಕೆ ಹೋದೆವು. ತಮ್ಮ ಫೋಟೋಗಳನ್ನು ತೊಳೆದು ಸಾಲಾಗಿ ಹಾಕಿದ. ಎಲ್ಲದರಲ್ಲಿಯೂ ದಂಟು, ಎಲೆ. ಒಂದರಲ್ಲಿ ಮಿಡತೆಯ ಹಿಂಗಾಲು ಇತ್ತು. ಮಿಡತೆ ಮಾತ್ರ ಎಲ್ಲಿಯೂ ಇರಲಿಲ್ಲ.

"ದನಕ್ಕ ತೋರಸವಾ, ಬಾಳ ಖುಷಿ ಆಗ್ತಾವ," ಎಂದ ತಮ್ಮ.

ಶಂಕ್ರಿ ಒಂದು ಫೋಟೋವನ್ನು ಎತ್ತಿಕೊಂಡಳು. ಅದು ಅವಳ ಕೈಯಲ್ಲಿ ಪಟಪಟ ಬಡಿಯುತ್ತಿತ್ತು. ಮೇಜಿನ ಮೇಲೆ ಒತ್ತಿ ಹಿಡಿದು ಹೇಳಿದಳು, "ಎಲಿ ಅಂಚಿನ ಹಲ್ಲ ನೋಡ್ರಿ ಮಾಮಾ."

ಜೋಳದ ಎಲೆಯ ಅಂಚಿನಲ್ಲಿ ನಮ್ಮ ಬೆರಳು ಕೊಯ್ಯುವ ಸಣ್ಣ ಸಣ್ಣ ಹಲ್ಲುಗಳಿರುತ್ತವೆ. ಅಲ್ಲಿ ಅವು ಒಂದೊಂದೂ ಎಣಿಸುವ ಹಾಗೆ ಕಾಣುತ್ತಿದ್ದವು.

"ನನ್ನ ಕೈ ನಡಗಿದ್ದು ಇದರಾಗ ಎಲ್ಲೈತ್ರಿ?"

ತಮ್ಮ ಬಗ್ಗಿ ನೋಡಿದ. "ನಡಗಿಲ್ಲ, ಖರೆ. ಆದ್ರ ಮಿಡಚೀನೂ ಇಲ್ಲಲ್ಲವಾ," ಎಂದ. ಆದರೂ ಒಳಗೆ ಹೋಗಿ ಇನ್ನೊಂದು ರೋಲು ತಂದು ಅವಳ ಮುಂದಿಟ್ಟ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಎರಡೂ ಕಣ್ಣುಗಳ ಮೇಲೆ ಬೆರಳಾಡಿಸುತ್ತಿದ್ದಳು. ಒಮ್ಮೆಲೇ ನನ್ನ ತೋಳು ಹಿಡಿದಳು. "ಅವ್ವಾ, ಮಂದಿ ದೂರ ನಿಂದರ್ತಾರ, ಎರಡೂ ಕಣ್ಣಿಗೆ ಅವರ ಕಾಣ್ತಾರ. ಮಿಡಚಿ ಮೂಗಿನ ಮುಂದ ಐತಿ. ಮ್ಯಾಲಿನ ಕಣ್ಣ ಮಿಡಚಿ ನೋಡುವಾಗ ಕೆಳಗಿನ ಕಣ್ಣ ದಂಟ ನೋಡತೈತಿ!"

"ಹಂಗಾರ ಏನ ಮಾಡೂದು?"

"ನಾ ನೋಡಿದ ಮ್ಯಾಲ ಕ್ಯಾಮೆರಾ ಎತ್ತಬೇಕು. ಕೆಳಗಿನ ಕಣ್ಣ ಮ್ಯಾಲಿನ ಕಣ್ಣಿನ ಜಾಗಾಕ್ಕ ಬರಬೇಕು. ಒಂದ ಕೂದಲೆಳಿ ಹೆಚ್ಚಿಲ್ಲ, ಕಡಿಮಿಲ್ಲ."

ನಡುಗುವ ಕೈಯಲ್ಲಿ ಅಷ್ಟು ಸರಿಯಾಗಿ ಎತ್ತುವುದು ಹೇಗೆ? ಮರುದಿನ ನಾನು ಅರಿವೆ ಒಗೆಯುವ ಸಾಬೂನಿನ ಉದ್ದನೆಯ ಗಟ್ಟಿಯನ್ನು ದಾರದಿಂದ ಕೊಯ್ಯುತ್ತ ಕೂತಿದ್ದಾಗ ಅವಳು ಬಂದು ನೋಡುತ್ತ ನಿಂತಳು. ಒಂದು ಕಸಬರಿಗೆ ಕಡ್ಡಿಯಿಂದ ಕ್ಯಾಮೆರಾದ ಒಂದು ಕಣ್ಣಿನ ನಡುವಿನಿಂದ ಇನ್ನೊಂದರ ನಡುವಿನವರೆಗೆ ಅಳೆದಳು. ಅಷ್ಟೇ ಅಳತೆಗೆ ಸಾಬೂನಿನ ಮೇಲೆ ಉಗುರಿನಿಂದ ಗೆರೆ ಕೊರೆದಳು.

"ಇಷ್ಟ ಎತ್ತರದ್ದು ಎರಡ ಕೊಯ್ಯ ಬೇ. ನಿನ್ನ ದಾರ ಸೊಟ್ಟ ಹೋಗೂದಿಲ್ಲ."

ನನ್ನ ಗಂಡ ಬಸಗೊಂಡಪ್ಪ ಪಡಸಾಲೆಯಿಂದಲೇ ಕೂಗಿದರು, "ಅರಿವಿ ಒಗಿಯೂದ ಬಿಟ್ಟ ಮಿಡಚಿ ಒಗಿಯಾಕ ನಿಂತೀರೇನು?"

ಮರುದಿನ ಬೆಳಿಗ್ಗೆ ಹೊಲವೆಲ್ಲ ಬೆಳ್ಳಗೆ ಇಬ್ಬನಿ. ಎಲೆಯ ಮೇಲೆ ಮಿಡತೆ ಕಡೆದಿಟ್ಟ ಹಾಗೆ ಕೂತಿತ್ತು. ಶಂಕ್ರಿ ಮೇಲಿನ ಕಣ್ಣಿನಿಂದ ನೋಡಿ ಸರಿಮಾಡಿಕೊಂಡಳು. ಈಗ ಕ್ಯಾಮೆರಾ ಎತ್ತಿ ಅದರ ಕೆಳಗೆ ಸಾಬೂನು ಇಡಬೇಕು. ಎತ್ತಿದಳು. ಕೈ ನಡುಗಿತು, ಕ್ಯಾಮೆರಾದ ಮೂಲೆ ಮಣೆಗೆ ಟಕಟಕ ಬಡಿಯಿತು. ನನ್ನ ಒಂದು ಕೈ ಕೌದಿ ಬಿಟ್ಟು ಅತ್ತ ಹೋಗಿಯೇಬಿಟ್ಟಿತು.

"ಮುಟ್ಟಬ್ಯಾಡ ಬೇ."

ಮೆಲ್ಲಗೇ ಹೇಳಿದಳು, ಸಿಟ್ಟಿರಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡೆ. ಅವಳು ಮುಂಗೈಗಳನ್ನು ಮಣೆಗೆ ಒತ್ತಿ, ನಡುಗುವಷ್ಟು ನಡುಗಲು ಬಿಟ್ಟು, ಒಂದು ಸಾಬೂನು ಸರಿಸಿದಳು. ಆಮೇಲೆ ಇನ್ನೊಂದು. ಕ್ಯಾಮೆರಾ ಅವುಗಳ ಮೇಲೆ ಕೂತಿತು. ತೆನೆಗಳ ತುದಿ ಅಲುಗುವುದು ನಿಲ್ಲುವತನಕ ಕಾದಳು. ಕಡ್ಡಿ ಎಳೆದು ಬಿಟ್ಟು, ಎರಡೂ ಕೈಗಳನ್ನು ಮಡಿಲಿಗೆ ತಂದುಕೊಂಡಳು. ಮಡಿಲಲ್ಲಿ ಅವು ಹಿಡಿದ ಹಕ್ಕಿಯ ಹಾಗೆ ಬಡಿದುಕೊಳ್ಳುತ್ತಿದ್ದವು. ಕ್ಯಾಮೆರಾ ಮಾತ್ರ ಸರ್‍ರೆನ್ನುತ್ತ, ಸ್ವಲ್ಪವೂ ಅಲುಗದೆ ನಿಂತಿತ್ತು. ಆಮೇಲೆ ಟಿಕ್ ಎಂದಿತು.

ಅವಳನ್ನು ಹೆತ್ತವಳು ನಾನು. ಅಂಥ ತಾಳ್ಮೆ ಅವಳಿಗೆ ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ.

ವಿಜಾಪುರದಲ್ಲಿ ತಮ್ಮ ಕತ್ತಲೆ ಕೋಣೆಯಿಂದ ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಹಸಿ ಫೋಟೋವನ್ನು ಮೂಲೆಯಲ್ಲಿ ಹಿಡಿದಿದ್ದ. ಮಿಡತೆಯ ಕಣ್ಣಿನಲ್ಲಿ ಮೇಲಿನಿಂದ ಕೆಳಗೆ ಇಳಿದ ಪಟ್ಟಿಗಳು, ಇಳಕಲ್ ಸೀರೆಯ ದಡಿಯ ಗೆರೆಗಳಷ್ಟು ಚೊಕ್ಕ. ಮೀಸೆಯ ಒಂದೊಂದು ಗಂಟು. ತಲೆಯ ಮೇಲೆ ಒಂದು ಹನಿ ಇಬ್ಬನಿ. ಇಷ್ಟು ದಿನ ಹೊಲದಲ್ಲಿ ಕಾಲಿಗೆ ಬಡಿದು ಹಾರುವ ಹುಳಕ್ಕೆ ಇಂಥ ಮುಖವಿದೆಯೆಂದು ನಾನು ಅರಿತಿರಲಿಲ್ಲ.

ತಮ್ಮ ಫೋಟೋ ಬಿಟ್ಟು ಕಣ್ಣೆತ್ತದೆ ಹೇಳಿದ, "ಬರೂ ಸೋಮವಾರ ಬಬಲೇಶ್ವರದಾಗ ಮದುವಿ ಐತಿ. ಲಗೂನ ತಯಾರಾಗು. ಸ್ಟ್ಯಾಂಡ ನೀನ ಹಿಡಕೋ."

"ಸಾಬಾಣ ತರ್ಲೇನ್ರಿ ಮಾಮಾ?"

"ಬ್ಯಾಡಲೇ! ಮದುಮಗ ಮಿಡಚಿ ಅಲ್ಲ, ದೂರ ನಿಂದರ್ತಾನ."

ತಮ್ಮನ ಹೆಂಡತಿ ತಂಬಿಗೆ ತುಂಬ ನೀರು ತಂದು ಕೊಟ್ಟಳು. ಶಂಕ್ರಿ ಎರಡೂ ಕೈಯಲ್ಲಿ ಹಿಡಿದು ಎತ್ತಿದಳು. ಒಂದಿಷ್ಟು ಸೆರಗಿನ ಮೇಲೆ ಚೆಲ್ಲಿತು, ಒಂದಿಷ್ಟು ನೆಲಕ್ಕೆ. ಉಳಿದದ್ದನ್ನು ಗಟಗಟ ಕುಡಿದು, ನೆಲದ ನೀರನ್ನು ಕಾಲಿನಿಂದ ಒರೆಸಿ, ಫೋಟೋ ನೋಡಲು ಹೋದಳು.

ನನ್ನ ಕೈಗಳು ಮಡಿಲಲ್ಲೇ ಇದ್ದವು.