ಬ್ರೇಕಿಲ್ಲದ ಮಂಚ

ಕಾಫಿ ಹೂವಿನ ವಾಸನೆ ಜೀಪಿನ ತೆರೆದ ಬದಿಯಿಂದ ಒಮ್ಮೆಲೇ ನುಗ್ಗಿತು, ತೋಟವೆಲ್ಲ ಬೆಳ್ಳಗೆ, ಬೇರೆ ದಿನವಾಗಿದ್ದರೆ ಉಸಿರು ತುಂಬ ಎಳೆದುಕೊಳ್ಳುತ್ತಿದ್ದೆ, ಇವತ್ತು ಈ ಸಿಹಿ ಬೇಡವಾಗಿದೆ — ಉಮೇಶ್, ನಿಧಾನ ಮಾರಾಯ, ಹೊಂಡ ನೋಡ್ಕಂಡು ಬಿಡು — ನಿಧಾನಾನೇ ಸಿಸ್ಟರ್, ಇನ್ನೂ ನಿಧಾನ ಅಂದ್ರೆ ಇಳಿದು ತಳ್ಬೇಕಷ್ಟೆ — ಚಿಕ್ಕಮಗಳೂರು ಇನ್ನೂ ದೂರ, ಪ್ರತಿ ತಿರುವಿನಲ್ಲೂ ಹಿಂದೆ ಮಲಗಿಸಿದ ಭಾಗಮ್ಮ ಹಲ್ಲು ಕಚ್ಚುತ್ತಾರೆ, ಕೂಗುವುದಿಲ್ಲ, ಕೂಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು, ಎರಡೂ ಕಾಲಿನ ನಡುವೆ ದಿಂಬಿಟ್ಟು ಸೇರಿಸಿ ಕಟ್ಟಿದ್ದೇನೆ, ಆದರೂ ಬಲಗಾಲು ಗಿಡ್ಡವಾಗಿ ಹೊರಕ್ಕೆ ತಿರುಗಿ ಬಿದ್ದಿದೆ, ಸೊಂಟದ ಹತ್ತಿರ ಮುರಿದಿದೆ ಎನ್ನಲು ಎಕ್ಸ್‌ರೇ ಬೇಕಿಲ್ಲ. ಬೆಳಿಗ್ಗೆ ತಾನೆ ಜ್ವರ ಬಿಟ್ಟಿತ್ತು, ಗಂಜಿ ಕುಡಿದು, ನಾಳೆ ಮನೆಗೆ ಹೋಗ್ಬೌದಾ ಸಿಸ್ಟರಮ್ಮ ಅಂದರು, ಹೋಗ್ಬೌದು ಅಂದೆ, ಕೆಳಗೂರಿನ ಎಸ್ಟೇಟಿನಲ್ಲಿ ಇಡೀ ಆಯಸ್ಸು ಇಳಿಜಾರಿನ ಮೇಲೆ ಕಾಫಿ ಹಣ್ಣು ಕುಯ್ದು ಒಂದು ದಿನವೂ ಜಾರದ ಹೆಂಗಸು, ಜ್ವರಕ್ಕೆ ಮದ್ದು ಕೇಳಿಕೊಂಡು ಕಳಸಕ್ಕೆ, ನಮ್ಮ ಆಸ್ಪತ್ರೆಗೆ ಬಂದು, ನಮ್ಮ ಮಂಚದಿಂದ ಬಿದ್ದರು. ಯಾಕೆ ಎದ್ರಿ ಭಾಗಮ್ಮ, ಕೂಗಿದ್ರೆ ಬರ್ತಿದ್ನಲ್ಲ — ಉಚ್ಚೆಗೆ ಹೋಗಕ್ಕೂ ನಿಮ್ಮನ್ನ ಕರೀಬೇಕಾ ಮಗಾ, ನೀವು ಆ ಕಡೆ ಯಾರಿಗೋ ಸೂಜಿ ಚುಚ್ತಿದ್ರಿ, ನಾನೇ ಇಳಿಯಣ ಅಂತ ಮಂಚ ಹಿಡಕಂಡೆ, ಹಿಡಕಂಡಿದ್ದೇ ಹಿಂದಕ್ಕೋಯ್ತು —

ಹೋಗದೆ ಏನು, ಗಾಲಿಯ ಮಂಚ, ಒಂದಕ್ಕೂ ಬ್ರೇಕಿಲ್ಲ, ಮಂಗಳೂರಿನಲ್ಲಿ ಯಾರೋ ಬೇಡವೆಂದು ಬಿಟ್ಟದ್ದನ್ನು ಟ್ರಸ್ಟಿ ಚನ್ನಕೇಶವ ಗೌಡರು ಲಾರಿಯಲ್ಲಿ ತರಿಸಿ ದಾನ ಕೊಟ್ಟದ್ದು, ಎತ್ತರ ಬೇರೆ, ಕುಳ್ಳಗಿನವರ ಕಾಲು ನೆಲಕ್ಕೆ ಎಟುಕುವುದಿಲ್ಲ. ಹೇಳಿದೆ, ಮಂಚ ಬಂದ ವಾರವೇ ಶಶಿಧರ್ ಡಾಕ್ಟರಿಗೆ ಹೇಳಿದೆ, ಡಾಕ್ಟ್ರೇ, ಈ ಗಾಲಿ ತೆಗೆಸಿಬಿಡಿ, ಯಾರಾದ್ರೂ ಬೀಳ್ತಾರೆ — ನೋಡೋಣ ಸುಕನ್ಯಾ, ಮಳೆಗಾಲ ಮುಗೀಲಿ — ಮಳೆಗಾಲ ಮುಗಿಯಿತು, ಕುಯ್ಲೂ ಮುಗಿಯಿತು, ಕೊನೆಗೆ ನಾನೇ ಅಡುಗೆಮನೆ ಹಿಂದಿನಿಂದ ಇಟ್ಟಿಗೆ ಹೊತ್ತು ತಂದು ಗಾಲಿಗಳಿಗೆ ಅಡ್ಡ ಇಟ್ಟೆ, ಯಾವ ಮಂಚವೂ ಅಲುಗಲಿಲ್ಲ, ಯಾರೂ ಬೀಳಲಿಲ್ಲ, ಬೀಳದೆ ಇದ್ದದ್ದು ಯಾರ ಕಣ್ಣಿಗೂ ಕಾಣುವುದಿಲ್ಲ, ಇಟ್ಟಿಗೆ ಮಾತ್ರ ಕಾಣುತ್ತದೆ. ನಿನ್ನೆ ಗೌಡರು ನೆಂಟರನ್ನು ಕರೆದುಕೊಂಡು ಬರುವವರಿದ್ದರು, ಶಶಿಧರ್ ಡಾಕ್ಟರು ವಾರ್ಡಿನ ಬಾಗಿಲಲ್ಲೇ ಮೂಗು ಮುರಿದರು, ಇದೇನು, ಇಲ್ಲಿ ಮನೆ ಕಟ್ತಿದ್ದೀರಾ, ತೆಗೆಸಿ ಇದನ್ನೆಲ್ಲ — ತೆಗೆಸಿದ್ದು ಅವರೇ, ನಾನು ಬೇಡ ಬೇಡ ಅನ್ನುತ್ತಿದ್ದ ಹಾಗೇ, ತೆಗೆದ ಇಟ್ಟಿಗೆಯನ್ನು ಅಂಗಳದ ಹೂವಿನ ಪಾತಿಯ ಸುತ್ತ ಓರೆಯಾಗಿ ಹೂಳಿಸಿ ಸುಣ್ಣ ಬಳಿಸಿದರು, ಗೌಡರಿಗೆ ಪಾತಿ ಇಷ್ಟವಾಯಿತಂತೆ. ಹೂವು ಬೀಳಬಾರದು, ಮನುಷ್ಯರು ಬೀಳಬಹುದು. ಇವತ್ತು ಹೊರಡುವಾಗ ಡಾಕ್ಟರದ್ದು ಅದೇ ಬಾಯಿ, ಜೀಪಿನ ಹತ್ತಿರ ಬಂದು, ದನಿ ತಗ್ಗಿಸಿ, ಮನೇಲಿ ಜಾರಿ ಬಿದ್ರು ಅಂತ ಹೇಳಿ ಸಾಕು, ಟ್ರಸ್ಟಿನ ಹೆಸರು ಹಾಳಾಗೋದು ಬೇಡ, ಅಷ್ಟಕ್ಕೂ ವಾರ್ಡಲ್ಲಿ ನೀವಿದ್ರಲ್ಲ. ನೀವಿದ್ರಲ್ಲ. ಹೌದು ಇದ್ದೆ, ಇಡೀ ವಾರ್ಡಿಗೆ ಒಬ್ಬಳೇ ಇದ್ದೆ. ಜಾವಳಿ ಹಿಂದೆ ಬಿತ್ತು, ಬಾಳೂರು, ಭಾಗಮ್ಮನ ಒರಟು ಬೆರಳು ನನ್ನ ಮಣಿಕಟ್ಟು ಹಿಡಿದಿದೆ, ನಾನೇ ಜಾರಿದ್ದು ಅಂತೀನಿ ಮಗಾ, ನಿಮ್ ಕೆಲ್ಸಕ್ಕೆ ಕುತ್ತು ಬರ್ಬಾರ್ದು — ಅಯ್ಯೋ, ನೀವು ಸುಮ್ನಿರಿ ಭಾಗಮ್ಮ, ಸುಮ್ನಿರಿ, ಗದರಿಬಿಟ್ಟೆ, ಮೂಳೆ ಮುರಿದವರನ್ನು ಗದರಿದೆ, ಎಲ್ಲರ ಮೇಲಿನ ಸಿಟ್ಟೂ ಈ ಮುದುಕಿಯ ಮೇಲೇ ಯಾಕೆ ಹೋಗಿ ಬೀಳುತ್ತದೆ, ಡಾಕ್ಟರೆದುರು ಈ ಗಂಟಲು ಎಲ್ಲಿ ಅಡಗಿತ್ತು.

ಚಿಕ್ಕಮಗಳೂರು, ಮೂಳೆ ಡಾಕ್ಟರ ನರ್ಸಿಂಗ್ ಹೋಮ್, ಮೆಟ್ಟಿಲ ಪಕ್ಕದಲ್ಲಿ ಸಿಮೆಂಟಿನ ಇಳಿಜಾರು, ಅಟೆಂಡರ್ ಟ್ರಾಲಿ ತಂದ, ಬೆಡ್‌ಶೀಟು ಸಮೇತ ಎತ್ತಿ ಮಲಗಿಸಿದೆವು, ಭಾಗಮ್ಮ ಈಗ ಕೂಗಿದರು, ಒಂದೇ ಸಲ. ಭಾಗಮ್ಮನ ಮಗಳಿಗೆ ಸುದ್ದಿ ಹೇಳಲು ಉಮೇಶ್ ಎಸ್‌ಟಿಡಿ ಬೂತಿಗೆ ಓಡಿದ. ಟ್ರಾಲಿಯನ್ನು ಇಳಿಜಾರು ಹತ್ತಿಸಿದೆವು, ಮೂಳೆ ಡಾಕ್ಟರು ಮೇಲ್ತುದಿಯಲ್ಲೇ ಬಗ್ಗಿ ಕಾಲು ನೋಡಿದರು, ಎಲ್ಲಿ ಬಿದ್ರು — ಭಾಗಮ್ಮ ಬಾಯಿ ತೆರೆಯುವ ಮೊದಲೇ ನಾನು, ಆಸ್ಪತ್ರೆಯಲ್ಲಿ ಡಾಕ್ಟ್ರೇ, ನಮ್ಮ ವಾರ್ಡಿನ ಮಂಚದಿಂದ, ಗಾಲಿಗೆ ಬ್ರೇಕಿರಲಿಲ್ಲ, ಇಟ್ಟಿಗೆ ಇಟ್ಟಿದ್ದೆ, ನಿನ್ನೆ ತೆಗೆಸಿದ್ರು — ಹೇಳಿಬಿಟ್ಟೆ, ಇನ್ನು ಕೆಲಸ ಹೋದರೂ ಹೋಗಲಿ, ಇವರಾದರೂ ಶಶಿಧರ್ ಡಾಕ್ಟರಿಗೆ ಫೋನು ಮಾಡಿ ಕೇಳುತ್ತಾರೆ, ಏನ್ರೀ ಇದು ಅನ್ನುತ್ತಾರೆ — ಎಲ್ಲಿ ಬಿದ್ರೇನು ಸಿಸ್ಟರ್, ಮುರಿದದ್ದು ಮುರಿದಿದೆ, ಕರೆಂಟ್ ಬರ್ಲಿ, ಎಕ್ಸ್‌ರೇ ತೆಗೆಯೋಣ, ಇಲ್ಲೇ ಇರಿ. ಹೋದರು. ಅಟೆಂಡರನೂ ಕೈಬಿಟ್ಟು ಅವರ ಹಿಂದೆ ಹೊರಟ, ಟ್ರಾಲಿ ನಿಧಾನವಾಗಿ ಇಳಿಜಾರಿನತ್ತ — ಏಯ್, ಬ್ರೇಕು ಎಲ್ಲಪ್ಪಾ ಇದರದ್ದು — ಅದು ಹೋಗಿ ಭಾಳ ದಿನ ಆಯ್ತಲ್ಲ ಸಿಸ್ಟರ್, ಬಾಗಿಲಿನಿಂದಲೇ ಅಂದ, ಒಳಗೆ ಹೋದ. ನನ್ನ ಎರಡೂ ಕೈ ಭಾಗಮ್ಮನ ಸೊಂಟದ ಮೇಲೆ, ಬಿಟ್ಟರೆ ಮುರಿದದ್ದು ಅಲುಗುತ್ತದೆ, ಬಿಡುವಂತಿಲ್ಲ, ಕಾಲು ಚಾಚಿ ಗಾಲಿಗೆ ಅಡ್ಡ ಕೊಟ್ಟೆ, ನಿಂತಿತು. ಯಾರಾದ್ರೂ ಬನ್ನಿ, ಯಾರ್ರೀ ಅಲ್ಲಿ — ಗಾಲಿ ಬೆರಳಿನ ಮೇಲೆ ಹತ್ತುತ್ತಿದೆ — ನೋವಾ ಮಗಾ — ಇಲ್ಲ ಭಾಗಮ್ಮ — ಯಾರ್ರೀ ಅಲ್ಲಿ — ಚಪ್ಪಲಿಯ ಮೇಲೆ ಕಪ್ಪು ರಬ್ಬರಿನ ಗಾಲಿ, ಕಾಲು ತೆಗೆದರೆ ಉರುಳುತ್ತದೆ, ಗಾಲಿ, ಅದರ ಕೆಳಗೆ ನನ್ನ ಕಾಲು, ಗಾಲಿ