ಕುರುಗೋಡಿನ ಪ್ಲೇಟು

೧೯೪೯ರ ದೀಪಾವಳಿಯ ಮಧ್ಯಾಹ್ನ. ಕೌಲ್ ಬಜಾರಿನ ಜಂಬಣ್ಣನ ಪಡಸಾಲೆಯಲ್ಲಿ ಗ್ರಾಮಫೋನಿನ ಮುಂದೆ ವಾದ ಜೋರಾಗಿತ್ತು. ವರ್ಷವಿಡೀ ಕೇಳಿದ ಪ್ಲೇಟುಗಳಲ್ಲಿ ಯಾವುದು ಮೇಲು? ದಂಡಿನ ಬ್ಯಾಂಡಿನಲ್ಲಿದ್ದ ಗೆಳೆಯ ಹೊನ್ನೂರಪ್ಪ, ಬಿಳಿ ಸೋಲ್ಜರುಗಳು ಬಿಟ್ಟುಹೋದ ಜಾಝ್ ಪ್ಲೇಟನ್ನೇ ಹಿಡಿದು ಕೂತಿದ್ದ. ಜಂಬಣ್ಣ ಕುರುಗೋಡು ಸೀಮೆಯ ಬೀಸುವ ಪದದ ಪ್ಲೇಟು ಹಾಕಿದ.

ಒಳಗೆ ಚಹಾ ಸೋಸುತ್ತಿದ್ದ ಸೊಸೆ ಸತ್ಯಮ್ಮ, ಆ ಪ್ಲೇಟು ಹಾಕಿದಾಗಲೆಲ್ಲ ಮಾಡುವಂತೆ, ಕೈ ತಡೆದು ಕಿವಿಗೊಟ್ಟಳು. ಮದುವೆಗೆ ಮುಂಚೆ ಅವಳೇ ಹಾಡಿದ್ದ ಪದ ಅದು. ಪ್ಲೇಟಿನ ಮೇಲೆ ಹೆಸರಿರಲಿಲ್ಲ. ಹಾಡುವ ಹೆಣ್ಣು ಈ ಮನೆಗೆ ಬೇಡವೆಂದು ಮಾವ ಮೊದಲೇ ಹೇಳಿದ್ದರಿಂದ ತವರಿನವರೂ ಬಾಯಿ ಬಿಟ್ಟಿರಲಿಲ್ಲ.

“ನಿನ್ ತುತ್ತೂರಿ ಇದರ ಮುಂದ ಏನೂ ಅಲ್ಲಲೇ,” ಎಂದ ಜಂಬಣ್ಣ.

“ಒಪ್ಪಿದೆ. ಆದ್ರ ಇಂಥಾಕಿನ್ನ ಸೊಸಿ ಮಾಡ್ಕೊಂತಿದ್ದೇನು?” ಹೊನ್ನೂರಪ್ಪ ಕೆಣಕಿದ.

“ಕೇಳೋದು ಬ್ಯಾರೆ, ಮನಿ ತುಂಬಿಸ್ಕೊಳ್ಳೋದು ಬ್ಯಾರೆ.”

ಆ ಮಾತನ್ನು ಸತ್ಯಮ್ಮನಿಗೆ ತಡೆದುಕೊಳ್ಳಲಾಗಲಿಲ್ಲ. ಹೊಸ್ತಿಲಿಗೆ ಬಂದು ನಿಂತಳು.

“ಮಾವಾ, ಆ ದನಿ ನಂದಾ ಐತ್ರಿ.”

ಜಂಬಣ್ಣನ ಮುಖ ಕಪ್ಪಿಟ್ಟಿತು. ಪದ ಮುಗಿದು ಮುಳ್ಳು ಕರಕರ ಅನ್ನುತ್ತಿದ್ದರೂ ಯಾರೂ ಎತ್ತಲಿಲ್ಲ. ಕೊನೆಗೆ ಜಂಬಣ್ಣನೇ ಪ್ಲೇಟನ್ನು ಮಗ್ಗುಲು ಹೊರಳಿಸಿ ಹಾಕಿ, ಅವಳತ್ತ ನೋಡದೆಯೇ ಹೇಳಿದ:

“ನಿಂತು ಕೇಳಬ್ಯಾಡವ್ವ, ಕುಂದ್ರು.”

ಸತ್ಯಮ್ಮ ಕೂತಳು.